ಮಂಡಳಿಯ ಅನುದಾನದ ಕೆಲಸ ನಿಂತರೆ ಕೇಳಬೇಕಾದದ್ದು ಯಾರನ್ನು?

ಸುರಪುರ ತಾಲ್ಲೂಕಿನ ನಿಮ್ಮೂರಿನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದ ಶಾಲಾ ಕೊಠಡಿ ಲಿಂಟಲ್ ಮಟ್ಟಕ್ಕೆ ಬಂದು ನಿಂತಿದೆ, ಪಂಚಾಯಿತಿಯವರು ‘ನಮಗೆ ಸಂಬಂಧವಿಲ್ಲ’ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಮಾತು ಒರಟಾದರೂ ಸುಳ್ಳಲ್ಲ.

ಹಿಂದುಳಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಫಲವಾಗಿ 2013ರಲ್ಲಿ ರಚನೆಯಾದ, ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಈ ಮಂಡಳಿಯು ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ ಗುರುತಿಸಿದ ಹಿಂದುಳಿದಿರುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ತಾಲ್ಲೂಕುಗಳಿಗೆ ಹಣ ಹಂಚುತ್ತದೆಯೇ ಹೊರತು ತಾನೇ ನಿಂತು ಗೋಡೆ ಕಟ್ಟಿಸುವುದಿಲ್ಲ. ಕಾಮಗಾರಿಯು ಲೋಕೋಪಯೋಗಿ ಇಲಾಖೆ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ಅಥವಾ ನಿರ್ಮಿತಿ ಕೇಂದ್ರದಂತಹ ಅನುಷ್ಠಾನ ಸಂಸ್ಥೆಯ ಪಾಲಾಗಿರುತ್ತದೆ. ಅದು ಯಾವುದೆಂದು ಕಾಮಗಾರಿಯ ಫಲಕದಲ್ಲಿ ನೋಡಿಕೊಳ್ಳಿ (ಫಲಕವನ್ನು ಇನ್ನೂ ಯಾರೂ ಕಿತ್ತೊಯ್ದಿಲ್ಲವಾದರೆ).

ಬಳಿಕ ಆ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಅಂದಾಜು ಪಟ್ಟಿ, ಕಾರ್ಯಾದೇಶ ಮತ್ತು ಅಳತೆ ಪುಸ್ತಕದ (ನಡೆದ ಕೆಲಸದ ಅಳತೆಯನ್ನು ಎಂಜಿನಿಯರರು ಬರೆದಿಡುವ ದಾಖಲೆ) ಪ್ರತಿ ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು, 150 ಪದ ಮೀರದಂತಿರಬೇಕು. ಉತ್ತರಕ್ಕೆ 30 ದಿನಗಳ ಗಡುವಿದೆ. ಮೂರರಲ್ಲಿ ಅಳತೆ ಪುಸ್ತಕವನ್ನು ಮಾತ್ರ ಬಿಡಬೇಡಿ. ನಮ್ಮೂರಿನ ಚರಂಡಿಯೊಂದು ಅದರಲ್ಲಿ ಊರಬಾಗಿಲಿನ ತನಕ ಹರಿದಿತ್ತು, ನೆಲದ ಮೇಲೆ ಹಿಟ್ಟಿನ ಗಿರಣಿಗೇ ಮುಗಿದಿತ್ತು. ಪ್ರತಿಯನ್ನು ಕೈಯಲ್ಲಿ ಹಿಡಿದು, ಟೇಪಿನೊಂದಿಗೆ ಆ ಚರಂಡಿಯ ಬಳಿ ನಿಂತ ದಿನವೇ ಎಂಜಿನಿಯರರು ನಮ್ಮ ಫೋನ್ ಎತ್ತಿದ್ದು.