ತೂಕ ಇಳಿಸೋ ಸರ್ಜರಿ: ಸ್ಲೀವ್ ಒಳ್ಳೇದಾ ಬೈಪಾಸಾ? ಮುಂಚೆ ಏನೇನು ತಯಾರಿ ಬೇಕು?

ಮೊದಲು ನಿಮಗೆ ಎದೆಯುರಿ, ಹುಳಿತೇಗು ಇದೆಯಾ ನೋಡ್ಕೊಳ್ಳಿ, ಅರ್ಧ ಉತ್ತರ ಅಲ್ಲೇ ಸಿಗತ್ತೆ. ಸ್ಲೀವ್‌ನಲ್ಲಿ ಜಠರದ ಸುಮಾರು 75-80% ಕತ್ತರಿಸಿ ತೆಗೆದು ಬಾಳೆಕಾಯಿ ಥರ ಒಂದು ಕೊಳವೆ ಉಳಿಸ್ತಾರೆ, ಕರುಳಿನ ತಂಟೆಗೆ ಹೋಗಲ್ಲ, ಆಪರೇಷನ್ ಸ್ವಲ್ಪ ಸರಳ, ಆದ್ರೆ ತೆಗೆದಿದ್ದನ್ನ ಮತ್ತೆ ಜೋಡಿಸೋಕಾಗಲ್ಲ, ಆಸಿಡಿಟಿ ಇರೋರಿಗೆ ಅದು ಇನ್ನೂ ಜಾಸ್ತಿ ಆಗಬಹುದು. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಎಂಎಲ್ ಹಿಡಿಯೋ ಪುಟ್ಟ ಚೀಲ ಮಾಡಿ ನೇರ ಸಣ್ಣ ಕರುಳಿಗೆ ಸೇರಿಸ್ತಾರೆ. ಜೋರು ಎದೆಯುರಿ ಅಥವಾ ಶುಗರ್ ಇದ್ರೆ ನನ್ನ ಪ್ರಕಾರ ಇದನ್ನೇ ಮೊದಲು ಕೇಳಿ, ಆದ್ರೆ ಸಿಹಿ ತಿಂದ ತಕ್ಷಣ ಬೆವರು, ಎದೆ ಡವಡವ, ಭೇದಿ ಆಗೋ ಡಂಪಿಂಗ್ ಅನ್ನೋ ಕಾಟ ಇದರಲ್ಲಿ ಜಾಸ್ತಿ, ಐಬುಪ್ರೊಫೆನ್ ಥರದ ನೋವಿನ ಮಾತ್ರೆನೂ ಬಿಡಬೇಕು, ಹುಣ್ಣಾಗತ್ತೆ.

ತಯಾರಿ ಅಂದ್ರೆ ರಕ್ತ ಪರೀಕ್ಷೆ, ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಇರೋ ಕೊಳವೆ ಇಳಿಸಿ ಜಠರ ನೋಡೋದು), ಗೊರಕೆ ಇದ್ರೆ ಸ್ಲೀಪ್ ಟೆಸ್ಟ್, ಡಯಟಿಷಿಯನ್ ಹತ್ರ ಮಾತು. ಸಿಗರೇಟು ವಾರಗಟ್ಟಲೆ ಮುಂಚೆನೇ ಬಿಡಿ. ಕೊನೆಯ ಎರಡು ವಾರ ಕಮ್ಮಿ ಕ್ಯಾಲರಿಯ ದ್ರವಾಹಾರ ಕೊಡೋದು ತೂಕಕ್ಕಿಂತ ಲಿವರ್‌ಗೋಸ್ಕರ, ಕೊಬ್ಬು ತುಂಬಿ ಊದಿರೋ ಲಿವರ್ ಜಠರದ ಮೇಲೇ ಕೂತಿರತ್ತೆ, ಅದು ಕುಗ್ಗಿದ್ರೇನೇ ಸರ್ಜನ್‌ಗೆ ಎತ್ತಿ ಹಿಡಿದು ಕೆಲಸ ಮಾಡೋಕೆ ಜಾಗ, ಹಾಗಾಗಿ ಕದ್ದು ತಿನ್ನಬೇಡಿ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ತಿದ್ರೆ ಈ ಡಯಟ್‌ಗೆ ಮುಂಚೆ ಡೋಸ್ ಕಮ್ಮಿ ಮಾಡಬೇಕಾ ಅಂತ ಡಾಕ್ಟರ್‌ನ ಕೇಳ್ಲೇಬೇಕು.

ಯಾವುದು ಮಾಡಿಸಿದ್ರೂ ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಜೀವನಪೂರ್ತಿ. ಹೆಂಗಸರು ಆಮೇಲೆ 12-18 ತಿಂಗಳು ಗರ್ಭಿಣಿ ಆಗದ ಹಾಗೆ ಪ್ಲಾನ್ ಮಾಡ್ಕೊಳ್ಳಿ.