ಎಲೆಕ್ಟ್ರಿಕ್ ಹೀಟರ್ ಶೇ. 100 ದಕ್ಷ ಅಂತಾರೆ. ಹಾಗಾದರೆ ಗ್ಯಾಸ್ ಫರ್ನೇಸ್ ಯಾಕೆ ಬೇಕು?

ನೀವು ಕೇಳಿರುವುದು ಇಷ್ಟು. ಮನೆಯಲ್ಲಿ ಶೇ. 80 ದಕ್ಷತೆಯ ಹಳೆಯ ಗ್ಯಾಸ್ ಫರ್ನೇಸ್ (ಗ್ಯಾಸ್ ಉರಿಸಿ ಮನೆಗೆಲ್ಲ ಬಿಸಿಗಾಳಿ ಕಳಿಸುವ ಯಂತ್ರ) ಇದೆ. ಶೇ. 96ರದ್ದು ಹಾಕಿಸಬೇಕಾ, ಹೀಟ್ ಪಂಪಿಗೆ ಹೋಗಬೇಕಾ, ಇಲ್ಲ ಸೌದೆ ಒಲೆ ಸಾಕಾ? ಸಾದಾ ಎಲೆಕ್ಟ್ರಿಕ್ ಹೀಟರ್ ಶೇ. 100 ಅನ್ನುವಾಗ ಎಲ್ಲರೂ ಅದನ್ನೇ ಯಾಕೆ ಇಟ್ಟುಕೊಳ್ಳುವುದಿಲ್ಲ?

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಬಗೆಹರಿದರೆ ಉಳಿದದ್ದು ಸಲೀಸು.

ಶೇ. 100 ಅನ್ನುವುದು ಸುಳ್ಳಲ್ಲ. ಒಂದು ಯೂನಿಟ್ ಕರೆಂಟ್ ಉರಿದರೆ ಒಂದು ಯೂನಿಟ್ ಶಾಖ ಕೋಣೆಯಲ್ಲೇ ಉಳಿಯುತ್ತದೆ. ಆದರೆ ಆ ಕರೆಂಟ್ ಎಲ್ಲಿಂದ ಬಂತು? ಕಲ್ಲಿದ್ದಲು ಸ್ಥಾವರದಲ್ಲಿ ಇಂಧನದ ಶಾಖದಲ್ಲಿ ಮೂರನೇ ಒಂದು ಪಾಲು, ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಜಾಸ್ತಿ ಕರೆಂಟ್ ಆಗುತ್ತದೆ. ಮಿಕ್ಕಿದ್ದು ಅಲ್ಲೇ ಗಾಳಿಗೂ ನೀರಿಗೂ ಹೋಗುತ್ತದೆ. ಆ ನಷ್ಟ ನಿಮ್ಮ ಮನೆಯ ಚಿಮಣಿಯಲ್ಲಿ ಕಾಣುವುದಿಲ್ಲ, ಬಿಲ್ಲಿನಲ್ಲಿ ಕಾಣುತ್ತದೆ. ಎಷ್ಟೋ ಕಡೆ ಒಂದು ಯೂನಿಟ್ ಕರೆಂಟಿಗೆ, ಅಷ್ಟೇ ಶಾಖದ ಗ್ಯಾಸಿನ ಎರಡು ಮೂರು ಪಟ್ಟು ಬೆಲೆ ಇರುತ್ತದೆ.

ಹಾಗಾಗಿ ನಾನು ನೋಡುವ ಲೆಕ್ಕ ಒಂದೇ: ಕೋಣೆಗೆ ಬಂದ ಒಂದು ಯೂನಿಟ್ ಶಾಖಕ್ಕೆ ನನ್ನ ಕೈಯಿಂದ ಎಷ್ಟು ಹೋಯಿತು? ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಅವರ್. ಒಂದು ಘನ ಮೀಟರ್ ನೈಸರ್ಗಿಕ ಗ್ಯಾಸಿನಲ್ಲಿ ಸುಮಾರು 10.5 ಯೂನಿಟ್ ಇರುತ್ತದೆ. ಒಂದು ಕಿಲೋ ಎಲ್‌ಪಿಜಿಯಲ್ಲಿ 13ರಿಂದ 14. ಒಂದು ಲೀಟರ್ ಸೀಮೆಎಣ್ಣೆ ಅಥವಾ ಹೀಟಿಂಗ್ ಆಯಿಲ್‌ನಲ್ಲಿ ಸುಮಾರು 10. ಚೆನ್ನಾಗಿ ಒಣಗಿದ ಸೌದೆ ಕಿಲೋಗೆ 4, ಪೆಲೆಟ್ (ಮರದ ಪುಡಿ ಒತ್ತಿ ಮಾಡಿದ ಗುಳಿಗೆ) ಆದರೆ 5ಕ್ಕೆ ಸ್ವಲ್ಪ ಕಡಿಮೆ. ನಿಮ್ಮಲ್ಲಿನ ಬೆಲೆಯನ್ನು ಈ ಸಂಖ್ಯೆಯಿಂದ ಭಾಗಿಸಿ. ಬಂದ ಉತ್ತರವನ್ನು ಯಂತ್ರದ ದಕ್ಷತೆಯಿಂದ, ಅಂದರೆ 0.80 ಅಥವಾ 0.96ರಿಂದ, ಮತ್ತೆ ಭಾಗಿಸಿ. ಅಷ್ಟೇ. ಒಂದು ಹಾಳೆಯಲ್ಲಿ ಮುಗಿಯುತ್ತದೆ.

ಈಗ 80 ಮತ್ತು 96ರ ನಡುವಿನ ವ್ಯತ್ಯಾಸ. ಗ್ಯಾಸ್ ಉರಿದಾಗ ಇಂಗಾಲದ ಡೈಆಕ್ಸೈಡ್ ಜೊತೆ ನೀರಿನ ಆವಿಯೂ ಹುಟ್ಟುತ್ತದೆ. ಆ ಆವಿಯಲ್ಲಿ ಒಳ್ಳೇ ಪಾಲು ಶಾಖ ಅಡಗಿರುತ್ತದೆ. ಹಳೆಯ ಫರ್ನೇಸ್ ಅದನ್ನು ಬಿಸಿಬಿಸಿಯಾಗಿ ಚಿಮಣಿಯಿಂದ ಹೊರಗೆ ಕಳಿಸಿಬಿಡುತ್ತದೆ. ಶೇ. 96ರ ಕಂಡೆನ್ಸಿಂಗ್ ಫರ್ನೇಸಿನಲ್ಲಿ ಹೊಗೆಯ ಶಾಖವನ್ನು ಗಾಳಿಗೆ ದಾಟಿಸುವ ಎರಡನೆಯ ಹೀಟ್ ಎಕ್ಸ್‌ಚೇಂಜರ್ ಇರುತ್ತದೆ. ಅದು ಹೊಗೆಯನ್ನು ಸುಮಾರು 55 ಡಿಗ್ರಿಗಿಂತ ಕೆಳಗೆ ತಣ್ಣಗೆ ಮಾಡಿ, ಆವಿಯನ್ನು ನೀರಾಗಿಸಿ, ಆ ಶಾಖವನ್ನೂ ಕಿತ್ತುಕೊಳ್ಳುತ್ತದೆ. ಹೊರಗೆ ಹೋಗುವ ಹೊಗೆ ಎಷ್ಟು ತಣ್ಣಗಿರುತ್ತದೆ ಅಂದರೆ ಪ್ಲಾಸ್ಟಿಕ್ ಪೈಪ್ ಸಾಕಾಗುತ್ತದೆ. ಹಾಕಿಸುವ ಮುಂಚೆ ಎರಡು ವಿಷಯ ಕೇಳಿ: ಆ ನೀರು ಸ್ವಲ್ಪ ಆಮ್ಲದ ಗುಣದ್ದು, ಅದು ಹರಿದುಹೋಗಲು ದಾರಿ ಇದೆಯಾ? ಹೊಗೆಗೆ ಹೊಸ ಪೈಪ್ ಎಲ್ಲಿಂದ ತೆಗೆಯುತ್ತಾರೆ? ಹಳೆಯ ಚಿಮಣಿ ಇದಕ್ಕೆ ಆಗುವುದಿಲ್ಲ. ಗಾಳಿಯ ಬದಲು ಬಿಸಿನೀರು ಹರಿಸಿ ಕಾಯಿಸುವ ರೇಡಿಯೇಟರ್ ಇರುವ ಮನೆಯಲ್ಲಿ ಕಂಡೆನ್ಸಿಂಗ್ ಬಾಯ್ಲರ್ ಇಟ್ಟು, ವಾಪಸ್ ಬರುವ ನೀರನ್ನು 60, 70 ಡಿಗ್ರಿಯಲ್ಲೇ ಓಡಿಸಿದರೆ ಆವಿ ನೀರಾಗುವುದೇ ಇಲ್ಲ. ದುಡ್ಡು ಕೊಟ್ಟು ತಂದ ದಕ್ಷತೆ ಸುಮ್ನೆ ಹೋಯಿತು.

ಯುರೋಪಿನ ಬಾಯ್ಲರ್ ಜಾಹೀರಾತುಗಳಲ್ಲಿ ಶೇ. 105 ಅಂತ ನೋಡಿ ನಾನು ಒಮ್ಮೆ ನಕ್ಕಿದ್ದೆ. ಆಮೇಲೆ ಗೊತ್ತಾಯಿತು, ಅದು ಅಳತೆಯ ಆಟ. ಅಲ್ಲಿ ಆವಿಯ ಶಾಖವನ್ನು ಇಂಧನದ ಲೆಕ್ಕಕ್ಕೆ ಸೇರಿಸುವುದಿಲ್ಲ, ವಾಪಸ್ ಸಿಕ್ಕಾಗ ಮಾತ್ರ ಸೇರಿಸುತ್ತಾರೆ. ಗ್ಯಾಸಿನಲ್ಲಿ ಈ ಎರಡು ಲೆಕ್ಕಗಳಿಗೆ ಸುಮಾರು ಶೇ. 11ರಷ್ಟು ಅಂತರ ಬರುತ್ತದೆ. ಎರಡು ಯಂತ್ರ ಹೋಲಿಸುವಾಗ ಎರಡಕ್ಕೂ ಒಂದೇ ಅಳತೆ ಹಿಡಿದಿದ್ದಾರಾ ನೋಡಿಕೊಳ್ಳಿ.

80ರಿಂದ 96ಕ್ಕೆ ಹೋದರೆ ಕಾಗದದ ಮೇಲೆ ಗ್ಯಾಸ್ ಆರರಲ್ಲಿ ಒಂದು ಪಾಲು ಉಳಿಯಬೇಕು. ನನಗೆ ಉಳಿಯಲಿಲ್ಲ. ಹೊಸ ಫರ್ನೇಸ್ ಬಂತು, ಚಳಿಗಾಲ ಕಳೆಯಿತು, ಬಿಲ್ ಹೆಚ್ಚುಕಡಿಮೆ ಅಷ್ಟೇ. ಹಾಕಿದವರನ್ನು ಕೇಳಿದರೆ ಈ ಸಲ ಚಳಿ ಜಾಸ್ತಿ ಅಂದರು. ಕೊನೆಗೆ ಉತ್ತರ ಕೊಟ್ಟಿದ್ದು ಛಾವಣಿ. ಒಂದು ಬೆಳಿಗ್ಗೆ ಹೊರಗೆ ನಿಂತು ನೋಡಿದರೆ, ಹಿಮ ಎಲ್ಲ ಕಡೆ ಹಾಗೇ ಇದೆ, ಒಂದು ಗೆರೆಯಲ್ಲಿ ಮಾತ್ರ ಕರಗಿದೆ. ಅದರ ಸರಿಯಾಗಿ ಕೆಳಗೆ, ಅಟ್ಟದಲ್ಲಿ, ಬಿಸಿಗಾಳಿ ಸಾಗಿಸುವ ಕೊಳವೆ, ಅಂದರೆ ಡಕ್ಟ್, ಹಾದು ಹೋಗಿತ್ತು. ಜೋಡಣೆಗಳ ಹತ್ತಿರ ಕೈ ಇಟ್ಟರೆ ಬಿಸಿಗಾಳಿ ಸುಯ್ ಅನ್ನುತ್ತಿತ್ತು. ನಾನು ಇಡೀ ಚಳಿಗಾಲ ಅಟ್ಟವನ್ನು ಬೆಚ್ಚಗಿಟ್ಟಿದ್ದೆ!

ಫರ್ನೇಸಿನ ಮೇಲಿನ ಎಎಫ್‌ಯುಇ ಸಂಖ್ಯೆ (ಆ 80, 96 ಅನ್ನುವ ವರ್ಷದ ದಕ್ಷತೆ) ಡಕ್ಟಿನ ನಷ್ಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಫ್ಯಾನ್ ತಿನ್ನುವ ಕರೆಂಟನ್ನೂ ಅಷ್ಟೇ. ಡಕ್ಟಿನಲ್ಲಿ ಕಾಲು ಭಾಗ ಸೋರಿದರೆ ಶೇ. 96ರ ಫರ್ನೇಸ್ ಕೋಣೆಗೆ ಕೊಡುವುದು ಶೇ. 72 ಮಾತ್ರ. ನಾನು ಜೋಡಣೆಗಳಿಗೆ ಮಾಸ್ಟಿಕ್ (ಸಂದು ಮುಚ್ಚುವ ಅಂಟು) ಬಳಿದು, ಮೇಲೆ ಇನ್ಸುಲೇಷನ್ ಸುತ್ತಿದೆ. ಬಿಲ್ ಇಳಿದದ್ದು ಆಮೇಲೆ. (ಬಟ್ಟೆಯ ಡಕ್ಟ್ ಟೇಪ್ ಹೆಸರಿಗಷ್ಟೇ ಡಕ್ಟ್ ಟೇಪ್. ಬಿಸಿಗೆ ಒಣಗಿ ಕಳಚಿಕೊಳ್ಳುತ್ತದೆ.)

ಹೀಟ್ ಪಂಪ್ ಬೇರೆಯೇ ಜಾತಿ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎತ್ತಿ ಒಳಗೆ ಹಾಕುತ್ತದೆ. ಸೊನ್ನೆಗಿಂತ ಕೆಳಗಿನ ಗಾಳಿಯಲ್ಲೂ ಎತ್ತುವಷ್ಟು ಶಾಖ ಇರುತ್ತದೆ. ಮುಂದೆ ಲಾರ್ಡ್ ಕೆಲ್ವಿನ್ ಆದ ವಿಲಿಯಂ ಥಾಮ್ಸನ್ 1852ರಲ್ಲೇ ಈ ಉಪಾಯ ಹೇಳಿದ್ದರು. ಒಂದು ಯೂನಿಟ್ ಕರೆಂಟಿಗೆ ಸಾಮಾನ್ಯವಾಗಿ 2ರಿಂದ 4 ಯೂನಿಟ್ ಶಾಖ ಸಿಗುತ್ತದೆ. ಈ ಪಟ್ಟನ್ನೇ ಸಿಒಪಿ ಅನ್ನುತ್ತಾರೆ. ಹೊರಗೆ ಚಳಿ ಏರಿದಂತೆ ಅದು ಇಳಿಯುತ್ತದೆ. ನಿಮಗೆ ಬೇಕಾದ ಲೆಕ್ಕ ಇದು: ಯೂನಿಟ್ ಕರೆಂಟಿನ ಬೆಲೆ ಯೂನಿಟ್ ಗ್ಯಾಸಿನ 3 ಪಟ್ಟು ಇದ್ದರೆ, ಅದನ್ನು 0.96ರಿಂದ ಗುಣಿಸಿ. 2.88 ಬರುತ್ತದೆ. ಇಡೀ ಚಳಿಗಾಲದ ಸರಾಸರಿ ಸಿಒಪಿ ಅದಕ್ಕಿಂತ ಜಾಸ್ತಿ ಇದ್ದರೆ ಹೀಟ್ ಪಂಪ್ ಅಗ್ಗ, ಕಡಿಮೆ ಇದ್ದರೆ ಗ್ಯಾಸ್ ಅಗ್ಗ. ಬೆಲೆ 2 ಪಟ್ಟು ಮಾತ್ರ ಇದ್ದರೆ ಯೋಚಿಸುವುದೇ ಬೇಡ, ಪಂಪ್ ಹಾಕಿಸಿ. ಆದರೆ ಮಾರುವವರು ಹೊರಗೆ 7 ಡಿಗ್ರಿ ಇರುವಾಗಿನ ಸಿಒಪಿ ತೋರಿಸುತ್ತಾರೆ. ನಿಮ್ಮಲ್ಲಿ ಬೀಳುವ ಅತಿ ಹೆಚ್ಚು ಚಳಿಗೆ ಎಷ್ಟು ಅಂತ ಕೇಳಿ ಬರೆಸಿಕೊಳ್ಳಿ.

ಸೌದೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟು. ತೆರೆದ ಬೆಂಕಿಗೂಡು ನೋಡಲು ಚೆಂದ, ಆದರೆ ಶಾಖದಲ್ಲಿ ಹತ್ತರಲ್ಲಿ ಒಂದೆರಡು ಪಾಲು ಒಳಗೆ ಉಳಿದರೆ ಪುಣ್ಯ. ಉಳಿದದ್ದು ಚಿಮಣಿಗೆ. ಅದರ ಜೊತೆ ಮನೆಯ ಬೆಚ್ಚಗಿನ ಗಾಳಿಯನ್ನೂ ಅದು ಎಳೆದುಕೊಂಡು ಹೋಗುತ್ತದೆ. ಬಾಗಿಲು ಮುಚ್ಚುವ ಹೊಸ ಒಲೆ ಶೇ. 70ರ ಮೇಲೆ ಕೊಡುತ್ತದೆ, ಸೌದೆ ಒಣಗಿದ್ದರೆ ಮಾತ್ರ. ಹಸಿ ಸೌದೆಯ ತೂಕದಲ್ಲಿ ಅರ್ಧ ನೀರೇ ಇರಬಹುದು. ಕಿಲೋಗೆ 4 ಯೂನಿಟ್ ಬರಬೇಕಾದ ಕಡೆ 2 ಬರುತ್ತದೆ, ಚಿಮಣಿಯಲ್ಲಿ ಟಾರಿನಂಥ ಮಸಿ ಕಟ್ಟುತ್ತದೆ, ಅದಕ್ಕೇ ಬೆಂಕಿ ಹತ್ತಿದ್ದೂ ಉಂಟು. ಸೀಳಿ, ಪೇರಿಸಿ, ಒಂದು ವರ್ಷ ಒಣಗಿಸುವ ಜಾಗ, ತಾಳ್ಮೆ ಇದ್ದರೆ ಸೌದೆಗೆ ಹೋಗಿ.

ಚಿಮಣಿಯೇ ಇಲ್ಲದ ಸೀಮೆಎಣ್ಣೆ, ಗ್ಯಾಸ್ ಹೀಟರ್‌ಗಳೂ ಹೆಚ್ಚುಕಡಿಮೆ ಶೇ. 100 ಅಂತ ಮಾರಾಟವಾಗುತ್ತವೆ. ಹೊಗೆ ಹೊರಗೆ ಹೋಗದಿದ್ದರೆ ಶಾಖವೂ ಹೋಗುವುದಿಲ್ಲ, ನಿಜ. ಹೊಗೆ ನಿಮ್ಮ ಮೂಗಿಗೇ ಬರುತ್ತದೆ. ಒಂದು ಲೀಟರ್ ಸೀಮೆಎಣ್ಣೆಗೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಗೋಡೆ ಸೇರುತ್ತದೆ. ಆ ಹೊಗೆಯಲ್ಲಿರಬಹುದಾದ ಕಾರ್ಬನ್ ಮೊನಾಕ್ಸೈಡ್ (ಸಿಒ) ವಿಷದ ಅನಿಲ, ಅದಕ್ಕೆ ವಾಸನೆಯೂ ಇಲ್ಲ. ಮುಚ್ಚಿದ ಮಲಗುವ ಕೋಣೆಗೆ ಇದು ಬೇಡವೇ ಬೇಡ. ಏನೇ ಉರಿಸಿದರೂ ಒಂದು ಸಿಒ ಅಲಾರಂ ಇರಲಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಟಾರ್ಚ್ ಹಿಡಿದು ಅಟ್ಟ ಹತ್ತುತ್ತಿದ್ದೆ. ನಿಮ್ಮ ಡಕ್ಟ್ ಎಲ್ಲಿ ಹಾದು ಹೋಗಿದೆ ಅಂತ ನೀವು ಬರೆದಿಲ್ಲ. ಅದನ್ನೂ, ಕರೆಂಟ್ ಮತ್ತು ಗ್ಯಾಸಿನ ದರವನ್ನೂ ಇಲ್ಲಿ ಹಾಕಿ, ಲೆಕ್ಕ ಮಾಡಿ ಹೇಳುತ್ತೇನೆ.