ಮಾತಿಲ್ಲದ ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲುವುದಿಲ್ಲ, ಏನು ಮಾಡಲಿ?

ಜಪಸರ ಸರಾಗವಾಗಿ ಸಾಗುತ್ತದೆ, ಆದರೆ ದೇವರ ಮುಂದೆ ಸುಮ್ನೆ ಕೂತರೆ ಐದೇ ನಿಮಿಷಕ್ಕೆ ಮನಸ್ಸು ಎಲ್ಲೆಲ್ಲೋ ಓಡುತ್ತದೆ, ಕಾಂಟೆಂಪ್ಲೇಶನ್‌ಗೆ (ಮಾತು, ಯೋಚನೆ ಬಿಟ್ಟು ದೇವರಲ್ಲಿ ಸುಮ್ಮನೆ ನೆಲೆಸುವ ಪ್ರಾರ್ಥನೆಗೆ) ತಲೆಯನ್ನು ಪೂರ್ತಿ ಖಾಲಿ ಮಾಡಬೇಕಾ ಎಂದು ಕೇಳಿದ್ದೀರಿ. ಬೇಡ. ಮೊದಲು ಕೈಯಲ್ಲೊಂದು ಪುಸ್ತಕ ಹಿಡಿದು ಕೂರಿ.

ಇದು ನನ್ನ ಉಪಾಯ ಅಲ್ಲ, 16ನೇ ಶತಮಾನದ ಸ್ಪೇನಿನ ಆವಿಲಾದ ಸಂತ ತೆರೇಸಾ ಅವರದ್ದು. ಕ್ಯಾಥೋಲಿಕ್ ಧರ್ಮಸಭೆಯ ಪಂಡಿತೆ, ಅಂದರೆ ಇಡೀ ಸಭೆಗೇ ಬೋಧಿಸಬಲ್ಲ ಗುರು, ಎಂಬ ಪದವಿ ಸಿಕ್ಕ ಮೊದಲ ಹೆಂಗಸು ಅವರೇ, 1970ರಲ್ಲಿ. ಅಂಥವರು ತಮ್ಮ ಆತ್ಮಕಥೆಯಲ್ಲಿ ಏನು ಬರೆದಿದ್ದಾರೆ ಗೊತ್ತಾ? 18 ವರ್ಷ, ಪರಮಪ್ರಸಾದ (ಕಮ್ಯೂನಿಯನ್) ಸ್ವೀಕರಿಸಿದ ಹೊತ್ತು ಬಿಟ್ಟರೆ, ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರಲು ಧೈರ್ಯವೇ ಬರಲಿಲ್ಲವಂತೆ. ಕೆಲವು ದಿನ ಜಾಸ್ತಿ ಓದುತ್ತಿದ್ದರು, ಕೆಲವು ದಿನ ಪುಸ್ತಕ ತೆರೆದರೇ ಸಾಕಾಗುತ್ತಿತ್ತು. ನನಗೆ ಇನ್ನೂ ಇಷ್ಟವಾದದ್ದು ಬೇರೆ ಇದೆ: ಎಷ್ಟೋ ಸಲ ಅವರು ಗಂಟೆ ಯಾವಾಗ ಹೊಡೆಯುತ್ತದೋ ಎಂದು ಕಿವಿಗೊಟ್ಟು ಕೂತಿರುತ್ತಿದ್ದರಂತೆ. ನಾವು ಮೊಬೈಲ್‌ನಲ್ಲಿ ಟೈಮ್ ನೋಡುತ್ತೇವಲ್ಲ, ಅದೇ.

ಇನ್ನು ಖಾಲಿ ಮಾಡುವ ವಿಷಯ. ಯೇಸುವಿನ ಮನುಷ್ಯರೂಪವನ್ನೂ ಮನಸ್ಸಿನಿಂದ ತೆಗೆಯಿರಿ ಎಂದು ಹೇಳುವ ಪುಸ್ತಕಗಳು ಆಗಲೂ ಇದ್ದವು. ತೆರೇಸಾ ಹಾಗೆ ಮಾಡಿ ನೋಡಿ, ಆಮೇಲೆ ಖಡಾಖಂಡಿತವಾಗಿ ಬೇಡ ಅಂದರು. ನಮ್ಮನ್ನು ಪ್ರೀತಿಸುವವನ ಜೊತೆ ಕೂತು ಮಾತಾಡುವುದೇ ಅವರ ಲೆಕ್ಕದಲ್ಲಿ ಪ್ರಾರ್ಥನೆ. ಎದುರಿಗೆ ಒಬ್ಬರು ಕೂತಿರುವಾಗ ತಲೆ ಖಾಲಿ ಮಾಡಿಕೊಂಡು ಏನು ಮಾಡುವುದು?

ಹೇಗೆ ಶುರುಮಾಡುವುದು ಅಂದರೆ, ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದ ಕೊನೆಯ ಭಾಗ ತಗೊಳ್ಳಿ. ಜೆರಿಕೋ ರಸ್ತೆ, ಧೂಳು, ನೂಕುನುಗ್ಗಲು. ಕುರುಡ ಬಾರ್ತಿಮಾಯ ಪಕ್ಕದಲ್ಲಿ ಕೂತು ಭಿಕ್ಷೆ ಬೇಡುತ್ತಿದ್ದಾನೆ. ಯೇಸು ಬಂದರು ಅಂತ ಗೊತ್ತಾಗಿ ಕೂಗುತ್ತಾನೆ. ಬಾಯ್ಮುಚ್ಚು ಅಂತ ಜನ ಗದರುತ್ತಾರೆ. ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಯೇಸು ಕರೆಸಿದ್ದೇ ತಡ, ಹೊದ್ದಿದ್ದ ಬಟ್ಟೆ ಎಸೆದು ಜಿಗಿದೇಳುತ್ತಾನೆ. ಕಣ್ಣು ಕಾಣದವನು ಆ ಗುಂಪಿನಲ್ಲಿ ಬಟ್ಟೆ ಎಸೆದರೆ ಮತ್ತೆ ಸಿಗುತ್ತದಾ? ಅಲ್ಲಿ ಸ್ವಲ್ಪ ನಿಲ್ಲಿ. ಆಮೇಲೆ ಯೇಸು ಕೇಳುತ್ತಾರೆ, ನಿನಗೆ ನಾನೇನು ಮಾಡಲಿ ಅಂತ. ಪುಸ್ತಕ ಮುಚ್ಚಿ. ಪ್ರಶ್ನೆ ಈಗ ನಿಮಗೆ. ಮಗಳ ಫೀಸು, ಅಮ್ಮನ ಮಂಡಿನೋವು, ಆಫೀಸಿನ ಕಿರಿಕಿರಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮನಸ್ಸು ಓಡಿಹೋಗುವುದೂ ಅಲ್ಲಿಗೇ ತಾನೇ? ಹಾಗಾದರೆ ಅದನ್ನೇ ಮಾತಿಗೆ ತನ್ನಿ. ಬೇಕಾದದ್ದು ಎಲ್ಲಿ ಸಿಕ್ಕಿತೋ ಅಲ್ಲೇ ಇರಿ, ಮುಂದೆ ಹೋಗುವ ಅವಸರ ಬೇಡ ಎನ್ನುತ್ತಾರೆ ಯೇಸುಸಭೆಯ (ಜೆಸ್ಯೂಟರ) ಸ್ಥಾಪಕ ಸಂತ ಇಗ್ನೇಶಿಯಸ್. ಮುಗಿಸಲು ಇದೇನು ಸಿಲೆಬಸ್ ಅಲ್ಲ.

ಕಾಂಟೆಂಪ್ಲೇಶನ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಅದು ದೇವರು ಕೊಡುವುದು, ಉಸಿರು ಬಿಗಿಹಿಡಿದು ಪ್ರಯತ್ನಿಸಿದರೆ ಬರುವುದಿಲ್ಲ. ಯೋಚನೆಯ ಪ್ರಾರ್ಥನೆ ಯಾವಾಗ ಬಿಡಬಹುದು ಎಂದು ಗುರುತಿಸಲು ತೆರೇಸಾರ ಜೊತೆಗಾರ, ಶಿಲುಬೆಯ ಸಂತ ಯೊವಾನ್ನ, ಮೂರು ಗುರುತು ಕೊಟ್ಟಿದ್ದಾರೆ. ಮೊದಲಿನ ಹಾಗೆ ಧ್ಯಾನಿಸಲು ಆಗುವುದಿಲ್ಲ, ಅದರಲ್ಲಿ ರುಚಿಯೂ ಇಲ್ಲ. ಬೇರೆ ವಿಷಯಗಳ ಮೇಲೆ ಮನಸ್ಸಿಡುವ ಆಸೆಯೂ ಇಲ್ಲ. ಒಬ್ಬರೇ ಕೂತು ದೇವರ ಕಡೆ ಪ್ರೀತಿಯಿಂದ ಸುಮ್ಮನೆ ಇರುವುದೇ ಹಿತ ಅನ್ನಿಸುತ್ತದೆ. ಮೂರೂ ಒಟ್ಟಿಗೆ ಇರಬೇಕು. ಬರೀ ಮೊದಲನೆಯದಿದ್ದರೆ ನಮ್ಮ ಅಸಡ್ಡೆಯೂ ಕಾರಣ ಇರಬಹುದು. ಧ್ಯಾನ ಬೇಜಾರು, ರೀಲ್ಸ್ ಮಾತ್ರ ಬೇಕು ಅಂದರೆ ಅದು ಕಾಂಟೆಂಪ್ಲೇಶನ್ ಅಲ್ಲ ಬಿಡಿ!

ಏನೂ ಅನ್ನಿಸದ ಒಣ ದಿನಗಳು ಬಂದೇ ಬರುತ್ತವೆ. ಆಗ ಬೇಗ ಎದ್ದುಬಿಡುವ ಆಸೆ ಜಾಸ್ತಿ. ಇಗ್ನೇಶಿಯಸ್ ಹೇಳುವುದು ಉಲ್ಟಾ: ನಿಗದಿ ಮಾಡಿದ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಕೂತಿರಿ. ಅದಕ್ಕೇ ನಾನು ಶುರುವಿಗೆ ಕಾಲು ಗಂಟೆ ಸಾಕು ಅನ್ನುವುದು. ಒಂದು ಗಂಟೆ ಅಂತ ಹೊರಟವರು ವಾರದೊಳಗೆ ಬಿಡುವುದನ್ನು ನೋಡಿದ್ದೇನೆ.

ನಿಮ್ಮ ಫಾದರ್ ಹತ್ತಿರ ಒಮ್ಮೆ ಮಾತಾಡಿ. ಮಂಗಳೂರು ಕಡೆಯವರಾದರೆ ಬಿಕರ್ನಕಟ್ಟೆಯ ಬಾಲಯೇಸು ಪುಣ್ಯಕ್ಷೇತ್ರದಲ್ಲಿ ತೆರೇಸಾ ಸುಧಾರಿಸಿದ ಕಾರ್ಮೆಲ್ ಸನ್ಯಾಸಿ ಸಭೆಯ ಗುರುಗಳೇ ಇದ್ದಾರೆ, ಅವರನ್ನೂ ಕೇಳಬಹುದು. ಅಷ್ಟರಲ್ಲಿ ಬಾರ್ತಿಮಾಯ ಮುಗಿದರೆ ಲೂಕ 19ರ ಜಕ್ಕಾಯನನ್ನು ತೆಗೆಯಿರಿ. ಅವನೂ ಜೆರಿಕೋದವನೇ.